ಎರಡು ಸ್ನಾತಕೋತ್ತರ ಪದವಿ, ಒಂದು ಅಧ್ಯಾಪಕ ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಓದುತ್ತಿರುವವರು, ಓದು ಮುಗಿಸಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರು, ಮನೆ ನೋಡಿಕೊಳ್ಳುತ್ತಾ ಮತ್ತೆ ಓದಲು ಹೊರಟವರು ಬಾಯಿಮಾತಿನಲ್ಲೂ ಪತ್ರದಲ್ಲೂ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ.

## ಮೊದಲು ತಿಳಿಯಬೇಕಾದದ್ದು

ಡಬಲ್ ಎಂ.ಎ. ಇದ್ರೆ ಡಿಗ್ರಿ ಕಾಲೇಜಲ್ಲಿ ಕೆಲಸ ಬೇಗ ಸಿಗುತ್ತಾ ಸರ್?

ಎರಡನೆಯ ಎಂ.ಎ. ಕೈಗೆ ಬಂದ ಮಾತ್ರಕ್ಕೆ ಸಿಗುವುದಿಲ್ಲ. ಸಹಾಯಕ ಪ್ರಾಧ್ಯಾಪಕ ಹುದ್ದೆಗಳನ್ನು ವಿಷಯವಾರು ಕರೆಯುತ್ತಾರೆ. 2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1242 ಹುದ್ದೆಗಳಿಗೆ ಅರ್ಜಿ ಕರೆದಾಗಲೂ ಕನ್ನಡಕ್ಕೆ ಇಷ್ಟು, ಇತಿಹಾಸಕ್ಕೆ ಇಷ್ಟು, ವಾಣಿಜ್ಯಕ್ಕೆ ಇಷ್ಟು ಎಂದೇ ಹಂಚಿಕೆಯಿತ್ತು. ಒಂದು ವಿಷಯಕ್ಕೆ ಅರ್ಹರಾಗಲು ಆ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಜೊತೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ಕರ್ನಾಟಕದ ಅಂಥದೇ ಪರೀಕ್ಷೆ) ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಪಿಎಚ್.ಡಿ. ಪಡೆದವರಿಗೆ ನೆಟ್‌ನಿಂದ ವಿನಾಯಿತಿ ಇದೆ. ಎರಡನೆಯ ವಿಷಯದಲ್ಲೂ ಇಷ್ಟೂ ಪೂರೈಸಿದರೆ ನೀವು ಎರಡು ಸಾಲಿನಲ್ಲಿ ನಿಂತಂತೆ. ನೆಟ್ ಇಲ್ಲದ ಎರಡು ಎಂ.ಎ.ಗಿಂತ ನೆಟ್ ಆದ ಒಂದು ಎಂ.ಎ. ಎಷ್ಟೋ ಮೇಲು. ಮೊದಲ ವಿಷಯದಲ್ಲೇ ಇನ್ನೂ ನೆಟ್ ಆಗಿಲ್ಲವಾದರೆ ಎರಡನೆಯ ಪದವಿಗೆ ಶುಲ್ಕ ಕಟ್ಟುವ ಮುಂಚೆ ಒಂದು ವರ್ಷ ಅದಕ್ಕೇ ಕೂರಿ ಎನ್ನುವುದು ನಮ್ಮ ಸಲಹೆ.

ಪಿಯು ಕಾಲೇಜು, ಡಿಗ್ರಿ ಕಾಲೇಜು ಎರಡಕ್ಕೂ ಒಂದೇ ಅರ್ಹತೆ ಅಲ್ವಾ?

ಅಲ್ಲ. ಇಲ್ಲಿ ಎಡವುವವರು ಬಹಳ ಮಂದಿ. ಸರ್ಕಾರಿ ಪಿಯು ಉಪನ್ಯಾಸಕರ ನೇಮಕಾತಿಗೆ ಸ್ನಾತಕೋತ್ತರ ಪದವಿಯ ಜೊತೆ ಬಿ.ಎಡ್. ಕೇಳುತ್ತಾರೆ, ನೆಟ್ ಕೇಳುವುದಿಲ್ಲ. ಪದವಿ ಕಾಲೇಜಿನಲ್ಲಿ ನೆಟ್ ಕೇಳುತ್ತಾರೆ, ಬಿ.ಎಡ್. ಕೇಳುವುದಿಲ್ಲ. ಬಿ.ಎಡ್. ಎರಡು ವರ್ಷದ್ದು, ಎರಡನೆಯ ಎಂ.ಎ.ಯೂ ಎರಡು ವರ್ಷದ್ದು. ನಿಮ್ಮ ಗುರಿ ಪಿಯು ಕಾಲೇಜಾಗಿದ್ದರೆ ಆ ಎರಡು ವರ್ಷ ಬಿ.ಎಡ್.ಗೆ ಹೋಗಲಿ.

54.8 ಬಂದಿದೆ. 55 ಅಂತ ತಗೋತಾರಲ್ವಾ?

ತೆಗೆದುಕೊಳ್ಳುವುದಿಲ್ಲ. ನೆಟ್ ಅಧಿಸೂಚನೆಯಲ್ಲೇ ‘ಪೂರ್ಣಾಂಕ ಮಾಡದೆ ಶೇ. 55’ ಎಂದು ಇರುತ್ತದೆ. ಯುಜಿಸಿಯ 2018ರ ನಿಯಮಾವಳಿ ಕೃಪಾಂಕವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 50 ಸಾಕು. ಉಳಿದವರು 2000 ಅಂಕಕ್ಕೆ 1096 ಪಡೆದಿದ್ದರೆ 54.8, ಬೇಕಿದ್ದದ್ದು 1100. ಆ ನಾಲ್ಕೇ ನಾಲ್ಕು ಅಂಕಕ್ಕೆ ನೆಟ್ ಬರೆಯುವ ಹಕ್ಕೇ ಹೋಗುತ್ತದೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಅಂಕ ಸುಧಾರಣೆಗೆ ಅವಕಾಶವಿದ್ದರೆ ಕೊನೆಯ ದಿನಾಂಕ ಮೀರುವ ಮುಂಚೆ ಬಳಸಿಕೊಳ್ಳಿ. ಅದೂ ಮುಗಿದಿದ್ದರೆ ಎರಡನೆಯ ಎಂ.ಎ. ನಿಜಕ್ಕೂ ದಾರಿಯಾಗುತ್ತದೆ, ಏಕೆಂದರೆ ಹೊಸ ವಿಷಯದಲ್ಲಿ ಹೊಸ ಅಂಕಪಟ್ಟಿಯನ್ನೇ ನೋಡುತ್ತಾರೆ.

ಡಿಗ್ರಿಯಲ್ಲಿ ಓದದೇ ಇರೋ ವಿಷಯದಲ್ಲಿ ಎಂ.ಎ. ಸೇರಬಹುದಾ?

ವಿಷಯ ಮತ್ತು ವಿಶ್ವವಿದ್ಯಾಲಯ ನೋಡಿ ಹೇಳಬೇಕು. ವಿಜ್ಞಾನದ ಎಂ.ಎಸ್ಸಿ.ಗಳಿಗೆ ಪದವಿಯಲ್ಲಿ ಆ ವಿಷಯ ಇರಲೇಬೇಕು. ಎಂ.ಕಾಂ.ಗೆ ಸಾಮಾನ್ಯವಾಗಿ ವಾಣಿಜ್ಯ ಅಥವಾ ನಿರ್ವಹಣೆಯ ಹಿನ್ನೆಲೆ ಕೇಳುತ್ತಾರೆ. ಕಲಾ ವಿಷಯಗಳಲ್ಲಿ ದೂರಶಿಕ್ಷಣದ ಬಾಗಿಲು ಹೆಚ್ಚು ಅಗಲ. ತುಮಕೂರು ವಿಶ್ವವಿದ್ಯಾಲಯಕ್ಕೋ ಕೋಲಾರ, ಚಿಕ್ಕಬಳ್ಳಾಪುರಗಳನ್ನು ಒಳಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೋ ಅರ್ಜಿ ಹಾಕುವಾಗ ಆ ವರ್ಷದ ಪ್ರವೇಶ ಅಧಿಸೂಚನೆಯ ‘ಅರ್ಹತೆ’ ಕಲಮನ್ನು ವಿಷಯವಾರು ಓದಿ. ಹೋದ ವರ್ಷ ಸ್ನೇಹಿತರಿಗೆ ಸೀಟು ಸಿಕ್ಕಿತ್ತು ಎಂಬ ಧೈರ್ಯ ಸಾಲದು.

## ಎರಡನೆಯ ವಿಷಯ ಆರಿಸಿಕೊಳ್ಳುವುದು

ನಂದು ಎಂ.ಎ. ಕನ್ನಡ. ಎರಡನೆಯದಕ್ಕೆ ಯಾವ ವಿಷಯ ತಗೊಂಡ್ರೆ ಒಳ್ಳೇದು?

ಮೊದಲು ನೆಟ್ ಪಟ್ಟಿ ತೆಗೆದು ಆ ವಿಷಯ ಪ್ರತ್ಯೇಕವಾಗಿ ಇದೆಯೇ ನೋಡಿ. ಇತಿಹಾಸ, ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತ, ಸಮಾಜಶಾಸ್ತ್ರ, ಸಮಾಜಕಾರ್ಯ, ಪತ್ರಿಕೋದ್ಯಮ, ಗ್ರಂಥಾಲಯ ವಿಜ್ಞಾನ ಇವೆಲ್ಲ ಇವೆ. ಗಣಿತ, ಭೌತ, ರಸಾಯನ, ಜೀವವಿಜ್ಞಾನಗಳು ಯುಜಿಸಿ ನೆಟ್‌ನಲ್ಲಿಲ್ಲ, ವಿಜ್ಞಾನ ವಿಷಯಗಳಿಗೆಂದೇ ಇರುವ ಸಿಎಸ್‌ಐಆರ್ ನೆಟ್‌ನಲ್ಲಿವೆ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಯುಜಿಸಿ ನೆಟ್‌ನಲ್ಲಿ ಕಳೆಯುವುದಿಲ್ಲ.

ಆಮೇಲೆ ನಿಮ್ಮ ಸುತ್ತಲಿನ ಕಾಲೇಜುಗಳ ಕಾರ್ಯಭಾರ ನೋಡಿ. ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಇದೇ. ಶಿರಾ, ಪಾವಗಡ, ಮಧುಗಿರಿ ಕಡೆಯವರಾದರೆ ಓಡಾಡುವ ಅಳತೆಯಲ್ಲಿರುವ ಐದಾರು ಕಾಲೇಜುಗಳ ಹೆಸರು ಬರೆದುಕೊಳ್ಳಿ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯವರೂ ಹಾಗೇ. ಪ್ರತಿ ಕಾಲೇಜಿನಲ್ಲಿ ಆ ವಿಷಯ ಇದೆಯೇ, ಎಷ್ಟು ತರಗತಿ, ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ವಿಚಾರಿಸಿ. ಉದಾಹರಣೆಗೆ, ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರಕ್ಕೆ ಮೂರು ವರ್ಷದ ತರಗತಿಗಳಿವೆ, ತಲಾ ಐದು ಗಂಟೆ, ಒಟ್ಟು ವಾರಕ್ಕೆ 15 ಗಂಟೆ ಎಂದುಕೊಳ್ಳಿ. ಸಹಾಯಕ ಪ್ರಾಧ್ಯಾಪಕರ ಬೋಧನೆ ವಾರಕ್ಕೆ 16 ಗಂಟೆ. ಅಲ್ಲಿ ಒಬ್ಬ ಕಾಯಂ ಅಧ್ಯಾಪಕರಿದ್ದರೆ ಆ 15 ಗಂಟೆಯೂ ಅವರಿಗೇ ಸಾಲದು. ಅತಿಥಿಗೆ ಒಂದು ಗಂಟೆಯೂ ಉಳಿಯುವುದಿಲ್ಲ. ಅದೇ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ., ಬಿಸಿಎ ಎಲ್ಲಕ್ಕೂ ಕನ್ನಡ ಭಾಷಾ ತರಗತಿಗಳಿರುವುದರಿಂದ ಕನ್ನಡದ ಗಂಟೆ ಬೇಗ ಏರುತ್ತದೆ. ಪತ್ರಿಕೋದ್ಯಮ ಆಕರ್ಷಕ ವಿಷಯವೇ, ಆದರೆ ತಾಲ್ಲೂಕು ಕಾಲೇಜುಗಳಲ್ಲಿ ಎಷ್ಟು ಕಡೆ ಇದೆ ಎಂದು ಎಣಿಸಿದ ಮೇಲೆ ನಿರ್ಧಾರ ಮಾಡಿ.

ಕನ್ನಡದವರಿಗೆ ನಮ್ಮ ಒಲವು ಇತಿಹಾಸದ ಕಡೆ. ಶಾಸನ, ಹಳಗನ್ನಡ, ಸಂಸ್ಕೃತಿ ಚರಿತ್ರೆ ಇವುಗಳಲ್ಲಿ ಅರ್ಧ ದಾರಿ ನೀವಾಗಲೇ ನಡೆದಿರುತ್ತೀರಿ. ರಾಜ್ಯಶಾಸ್ತ್ರದವರಿಗೆ ಸಾರ್ವಜನಿಕ ಆಡಳಿತ, ಗಣಿತದವರಿಗೆ ಗಣಕ ವಿಜ್ಞಾನ, ಅರ್ಥಶಾಸ್ತ್ರದವರಿಗೆ ವಾಣಿಜ್ಯ ಹೊಂದುತ್ತವೆ. ಪ್ರವೇಶದ ಅರ್ಹತೆ ಇದ್ದರೆ.

ಎರಡನ್ನೂ ಒಟ್ಟಿಗೇ ಓದಿ ಮುಗಿಸಬಹುದಾ?

ಓದಬಹುದು. 2022ರ ಏಪ್ರಿಲ್ 13ರಂದು ಯುಜಿಸಿ ಹೊರಡಿಸಿದ ಮಾರ್ಗಸೂಚಿ ಮೂರು ರೀತಿ ಒಪ್ಪುತ್ತದೆ. ಎರಡೂ ರೆಗ್ಯುಲರ್ ಆಗಿದ್ದರೆ ತರಗತಿಯ ಹೊತ್ತು ಒಂದಕ್ಕೊಂದು ತಾಗಬಾರದು. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್ ಆಗಬಹುದು. ಎರಡೂ ದೂರಶಿಕ್ಷಣ ಅಥವಾ ಆನ್‌ಲೈನ್ ಆದರೂ ಸರಿ. ಪಿಎಚ್.ಡಿ.ಗೆ ಈ ಸೌಲಭ್ಯ ಇಲ್ಲ.

ಎರಡು ರೆಗ್ಯುಲರ್ ಎಂ.ಎ. ಕಾಗದದ ಮೇಲೆ ಸಾಧ್ಯ. ಬೆಳಿಗ್ಗೆಯಿಂದ ಸಂಜೆವರೆಗೆ ತರಗತಿ ಇರುವ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೈಗೂಡುವುದು ಕಷ್ಟ. ಹಾಜರಾತಿ ಕೊರತೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಒಂದು ರೆಗ್ಯುಲರ್, ಒಂದು ದೂರಶಿಕ್ಷಣ ಎನ್ನುವುದೇ ಕೈಗೂಡುವ ಜೋಡಿ. ಆದರೂ ಎರಡು ತೊಡಕು ಬರುತ್ತವೆ. ಸೆಮಿಸ್ಟರ್ ಪರೀಕ್ಷೆಗಳು ಒಂದೇ ದಿನ ಬಿದ್ದರೆ ಯಾರೂ ನಿಮಗಾಗಿ ದಿನಾಂಕ ಬದಲಿಸುವುದಿಲ್ಲ. ಇನ್ನೊಂದು, ಮೂಲ ವರ್ಗಾವಣೆ ಪತ್ರ ಇರುವುದು ಒಂದೇ. ಅದನ್ನು ಒಂದು ಕಡೆ ಕೊಟ್ಟ ಮೇಲೆ ಇನ್ನೊಂದು ಕಡೆಯವರು ಏನು ಒಪ್ಪುತ್ತಾರೆ ಎಂದು ಸೇರುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಅಂಕದ ದೃಷ್ಟಿಯಿಂದ ನಾವು ಹೇಳುವುದು: ಮೊದಲ ಎಂ.ಎ.ಯ ಎರಡನೆಯ ವರ್ಷದಲ್ಲಿ ಮತ್ತೊಂದನ್ನು ಶುರು ಮಾಡಿ. ಒಟ್ಟು ಮೂರು ವರ್ಷವಾಗುತ್ತದೆ, ಮೊದಲ ವರ್ಷದ ಅಡಿಪಾಯವೂ ಗಟ್ಟಿಯಿರುತ್ತದೆ.

ಕರೆಸ್ಪಾಂಡೆನ್ಸ್ ಎಂ.ಎ.ಗೆ ಬೆಲೆ ಇಲ್ಲ ಅಂತಾರೆ, ನಿಜಾನಾ?

ಯುಜಿಸಿ ಮಾನ್ಯತೆ ಇರುವ ವಿಶ್ವವಿದ್ಯಾಲಯದಿಂದ, ಮಾನ್ಯತೆ ಇರುವ ಕೋರ್ಸನ್ನು, ಮಾನ್ಯತೆ ಇರುವ ವರ್ಷದಲ್ಲಿ ಮಾಡಿದ್ದರೆ ಅದು ರೆಗ್ಯುಲರ್ ಪದವಿಗೆ ಸಮ. 2020ರ ಯುಜಿಸಿ ನಿಯಮಾವಳಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮೂರರಲ್ಲಿ ಜನ ಮರೆಯುವುದು ವರ್ಷವನ್ನು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ತಪ್ಪಿದ್ದ ಮಾನ್ಯತೆ 2018-19ರಿಂದ ಮರಳಿತು. ಆ ನಡುವಿನ ವರ್ಷಗಳ ಪ್ರವೇಶವಾದರೆ ಅರ್ಜಿ ಹಾಕುವ ಮುಂಚೆ ವಿಚಾರಿಸಲೇಬೇಕು. ಈಗ ಸೇರುವವರು ಯುಜಿಸಿ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವಿಶ್ವವಿದ್ಯಾಲಯ ಮತ್ತು ಕೋರ್ಸಿನ ಹೆಸರು ನೋಡಿ, ಆ ಪುಟವನ್ನು ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಹತ್ತು ವರ್ಷದ ನಂತರ ದಾಖಲೆ ಪರಿಶೀಲನೆಯಲ್ಲಿ ಆ ಒಂದು ಹಾಳೆ ನಿಮ್ಮ ಪರ ಮಾತಾಡುತ್ತದೆ. ದೂರಶಿಕ್ಷಣ ಪ್ರವೇಶಕ್ಕೆ 2024ರಿಂದ ಡಿಇಬಿ ಐಡಿ (ಯುಜಿಸಿ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಕಡ್ಡಾಯ. ಅದಕ್ಕೂ ಮುಂಚೆ ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆಯ ಸಂಖ್ಯೆ) ಮಾಡಿಸಿಕೊಂಡಿರಬೇಕು.

ಕೆಲಸ ಮಾಡ್ಕೊಂಡೇ ಓದ್ಬೇಕು. ದಿನಕ್ಕೆ ಎಷ್ಟು ಹೊತ್ತು ಬೇಕಾಗುತ್ತೆ?

ಸೆಮಿಸ್ಟರಿಗೆ ಐದು ಪತ್ರಿಕೆ, ಒಂದಕ್ಕೆ 40 ಗಂಟೆ ಎಂದು ಹಿಡಿದರೆ 200 ಗಂಟೆ. ಇಪ್ಪತ್ತು ವಾರಕ್ಕೆ ಹಂಚಿದರೆ ವಾರಕ್ಕೆ ಹತ್ತು ಗಂಟೆ: ವಾರದ ಐದು ದಿನ ಒಂದೊಂದು ಗಂಟೆ, ಭಾನುವಾರ ಐದು ಗಂಟೆ. ಇದರಲ್ಲಿ ಕೊನೆಯ ಆರು ವಾರವನ್ನು ಪೂರ್ತಿ ಬರೆಯುವ ಅಭ್ಯಾಸಕ್ಕೆ ಬಿಡಿ. ದೂರಶಿಕ್ಷಣದಲ್ಲಿ ಅಂಕ ಕೈತಪ್ಪುವುದು ಓದದೆ ಅಲ್ಲ, ಬರೆಯದೆ. ಸಿದ್ಧಪಾಠ ಚೆನ್ನಾಗಿ ಓದಿರುತ್ತಾರೆ, ಆದರೆ ಮೂರು ಗಂಟೆ ಪೆನ್ನು ಹಿಡಿದು ಕೂತಿರುವುದಿಲ್ಲ. ಮೂರನೆಯ ದೊಡ್ಡ ಪ್ರಶ್ನೆಗೆ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟು, ಗಡಿಯಾರ ನೋಡಿಕೊಂಡು ಪ್ರತಿ ಪತ್ರಿಕೆಗೆ ಎರಡು ಪೂರ್ಣ ಉತ್ತರಪತ್ರಿಕೆಯಾದರೂ ಬರೆಯಿರಿ. ಅಸೈನ್‌ಮೆಂಟ್ ತಡಮಾಡಬೇಡಿ. ಅದರಲ್ಲಿ ಹೋದ ಅಂಕವೇ ಕೊನೆಗೆ ಶೇ. 55ರ ಅಂಚಿನಲ್ಲಿ ಕಾಡುವುದು.

ಎರಡನೆ ಎಂ.ಎ.ಗೂ ಸ್ಕಾಲರ್‌ಶಿಪ್ ಬರುತ್ತಾ?

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಒಂದು ಎಂ.ಎ. ಮುಗಿಸಿ ಅದೇ ಹಂತದ ಇನ್ನೊಂದು ಎಂ.ಎ. ಸೇರಿದವರಿಗೆ ಅವಕಾಶವಿಲ್ಲ. ಎರಡನೆಯದನ್ನು ಸ್ವಂತ ಖರ್ಚಿನದೆಂದೇ ಲೆಕ್ಕ ಹಾಕಿ. ಹೆಚ್ಚು ಖರ್ಚಿನ ರೆಗ್ಯುಲರ್ ಕೋರ್ಸ್ ಯಾವುದೋ ಅದನ್ನು ಮೊದಲು ಮಾಡುವುದು ಜಾಣತನ.

## ನೆಟ್ ಮತ್ತು ಕೆ-ಸೆಟ್

ಕನ್ನಡದಲ್ಲಿ ನೆಟ್ ಆಗಿದೆ, ಈಗ ಇತಿಹಾಸ ಎಂ.ಎ. ಮಾಡಿದೀನಿ. ಅದೇ ನೆಟ್ ನಡೆಯುತ್ತಲ್ವಾ?

ನಡೆಯುವುದಿಲ್ಲ. ನೆಟ್ ಪ್ರಮಾಣಪತ್ರದ ಮೇಲೆ ವಿಷಯದ ಹೆಸರು ಅಚ್ಚಾಗಿರುತ್ತದೆ. ಇತಿಹಾಸದ ಹುದ್ದೆಗೆ ಇತಿಹಾಸದಲ್ಲೇ ಬರೆಯಬೇಕು. ಒಂದು ಬಾರಿಗೆ ಒಂದೇ ವಿಷಯ ಬರೆಯಲು ಸಾಧ್ಯ. ಜೂನ್, ಡಿಸೆಂಬರ್ ಎಂದು ವರ್ಷಕ್ಕೆ ಎರಡು ಸಲ ನಡೆಯುವುದರಿಂದ ಕಾಯಬೇಕಾದದ್ದು ಆರೇ ತಿಂಗಳು. ಮೊದಲ ಪತ್ರಿಕೆ ಎಲ್ಲ ವಿಷಯಕ್ಕೂ ಒಂದೇ: 50 ಪ್ರಶ್ನೆ, 100 ಅಂಕ. ಒಮ್ಮೆ ಅದಕ್ಕೆ ಪಟ್ಟ ಶ್ರಮ ಎರಡನೆಯ ಸಲಕ್ಕೂ ಆಗುತ್ತದೆ. ಹೊಸದಾಗಿ ಕಷ್ಟಪಡಬೇಕಾದದ್ದು 100 ಪ್ರಶ್ನೆ, 200 ಅಂಕದ ವಿಷಯ ಪತ್ರಿಕೆಗೆ ಮಾತ್ರ.

ನೆಟ್ ಬರೀಲಾ, ಕೆ-ಸೆಟ್ ಬರೀಲಾ?

ಎರಡನ್ನೂ ಬರೆಯಿರಿ, ಪಠ್ಯಕ್ರಮ ಹೆಚ್ಚುಕಡಿಮೆ ಒಂದೇ. ಕನ್ನಡ ಮಾಧ್ಯಮದವರು ಕೆ-ಸೆಟ್ ಅನ್ನು ಬಿಡಲೇಬಾರದು. ನೆಟ್‌ನ ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕೆ-ಸೆಟ್‌ನಲ್ಲಿ ಅದು ಕನ್ನಡದಲ್ಲೂ ಇರುತ್ತದೆ. ತರ್ಕ ಮತ್ತು ಗದ್ಯಭಾಗದ ಪ್ರಶ್ನೆಗಳಲ್ಲಿ ಇದರಿಂದ ಉಳಿಯುವ ಹೊತ್ತು ಸಣ್ಣದಲ್ಲ. ಕೆ-ಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದರ ಅರ್ಹತೆ ನಮ್ಮ ರಾಜ್ಯಕ್ಕೆ ಸೀಮಿತ. ಹಿಂದೂಪುರ, ಮದನಪಲ್ಲಿ ಕಡೆಯ ಕಾಲೇಜುಗಳಲ್ಲೂ ಪ್ರಯತ್ನಿಸುವ ಗಡಿ ತಾಲ್ಲೂಕಿನವರಿಗೆ ನೆಟ್ಟೇ ಬೇಕು. ಎರಡರಲ್ಲೂ ಪರೀಕ್ಷೆ ಬರೆದವರ ಪೈಕಿ ಸುಮಾರು ಶೇ. 6 ಮಂದಿಯನ್ನಷ್ಟೇ ಅರ್ಹರೆಂದು ಘೋಷಿಸುತ್ತಾರೆ. ಬರೀ ಕನಿಷ್ಠ ಅಂಕ ಬಂದರೆ ಸಾಲದು ಎನ್ನುವುದು ಅದಕ್ಕೇ.

ಎರಡನೆ ಎಂ.ಎ. ಇನ್ನೂ ಮುಗಿದಿಲ್ಲ. ಈಗಲೇ ನೆಟ್ ಬರೀಬಹುದಾ?

ಕೊನೆಯ ವರ್ಷದಲ್ಲಿದ್ದರೆ ಬರೆಯಬಹುದು. ಫಲಿತಾಂಶ ಬಂದ ಎರಡು ವರ್ಷದೊಳಗೆ ಎಂ.ಎ.ಯನ್ನು ಬೇಕಾದ ಅಂಕದೊಂದಿಗೆ ಮುಗಿಸಬೇಕು. ಪಾಠ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆಯುವುದು ಒಳ್ಳೆಯದು.

ಮದುವೆಯಾಗಿ ಮಕ್ಕಳೂ ಆದ್ವು, ನನಗೀಗ 36. ಇನ್ನೊಂದು ಎಂ.ಎ. ಮಾಡಿ ಪ್ರಯೋಜನ ಇದೆಯಾ ಮೇಡಂ?

ಸಹಾಯಕ ಪ್ರಾಧ್ಯಾಪಕ ಅರ್ಹತೆಗಾಗಿ ನೆಟ್ ಮತ್ತು ಕೆ-ಸೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ. ನೆಟ್ ಮೂಲಕವೇ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್‌ಗೆ 30 ವರ್ಷದ ಮಿತಿ, ಮಹಿಳೆಯರಿಗೆ ಐದು ವರ್ಷದ ಸಡಿಲಿಕೆ. ಅದು ನಿಮಗೆ ದಾಟಿದೆ. ನಿಜವಾದ ಗಡುವು ಸರ್ಕಾರಿ ನೇಮಕಾತಿಯದು. ಅಲ್ಲಿ ವರ್ಗವಾರು ಗರಿಷ್ಠ ವಯಸ್ಸು ಇರುತ್ತದೆ, ಹುದ್ದೆಗಳೂ ಪ್ರತಿ ವರ್ಷ ಕರೆಯುವುದಿಲ್ಲ. ಹಾಗಾಗಿ ನಿಮ್ಮ ಸ್ಥಿತಿಯಲ್ಲಿ ಹೊಸ ಎಂ.ಎ.ಗೆ ಎರಡು ವರ್ಷ ಹಾಕುವ ಬದಲು ಈಗಿರುವ ವಿಷಯದಲ್ಲೇ ಮುಂದಿನ ಕೆ-ಸೆಟ್ ಮತ್ತು ನೆಟ್‌ಗೆ ಕೂರಿ. ಮೊದಲ ವಿಷಯದಲ್ಲಿ ಆಗಲೇ ಅರ್ಹತೆ ಇದ್ದರೆ ಮಾತ್ರ ಎರಡನೆಯದಕ್ಕೆ ಕೈಹಾಕಿ. ಬಿಡುವಿನ ವರ್ಷಗಳ ಬಗ್ಗೆ ಸಂಕೋಚ ಬೇಡ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಎಂ.ಎ. ಇಲ್ಲದ ವಿಷಯದಲ್ಲೂ ನೆಟ್ ಪಾಸಾದ್ರೆ ಸಾಕು ಅಂತ ಹೊಸ ನಿಯಮ ಬಂದಿದೆಯಂತೆ?

2025ರ ಜನವರಿಯಲ್ಲಿ ಯುಜಿಸಿ ಪ್ರಕಟಿಸಿದ ಕರಡು ನಿಯಮಾವಳಿಯಲ್ಲಿ ಅಂಥ ಪ್ರಸ್ತಾವ ಇತ್ತು. ಕರಡನ್ನು ನಂಬಿ ಎರಡು ವರ್ಷದ ಯೋಜನೆ ಹಾಕಬೇಡಿ. ಅರ್ಜಿ ಕರೆಯುವವರ ಅಧಿಸೂಚನೆಯಲ್ಲಿ ಏನಿದೆಯೋ ಅದೇ ನಿಮಗೆ ನಿಯಮ.

## ಕೆಲಸ ಹುಡುಕುವಾಗ

ಅತಿಥಿ ಉಪನ್ಯಾಸಕನಾಗಿ ಎರಡು ವಿಷಯದ ಗಂಟೆ ಸೇರಿಸಿ ತಗೋಬಹುದಾ?

ಸರ್ಕಾರಿ ಕಾಲೇಜುಗಳಲ್ಲಿ ಕಾರ್ಯಭಾರ ವಿಷಯವಾರು ಹಂಚಿಕೆಯಾಗುತ್ತದೆ, ಆಯ್ಕೆಯೂ ಆನ್‌ಲೈನ್ ಅರ್ಜಿ ಮತ್ತು ಕೌನ್ಸೆಲಿಂಗ್ ಮೂಲಕ ವಿಷಯವಾರು. ಅಲ್ಲಿ ಎರಡು ವಿಷಯ ಸೇರಿಸಿಕೊಳ್ಳುವ ಲೆಕ್ಕ ಹಾಕಬೇಡಿ. ಖಾಸಗಿ ಕಾಲೇಜಿನಲ್ಲಿ ಮಾತು ಬೇರೆ. ಎರಡು ವಿಷಯ ಪಾಠ ಮಾಡಬಲ್ಲವರನ್ನು ಆಡಳಿತ ಮಂಡಳಿಗಳು ಕೈಬೀಸಿ ಕರೆಯುತ್ತವೆ. ಆದರೆ 22-24 ಗಂಟೆ ಹೊರಿಸಿ ಒಬ್ಬರ ಸಂಬಳ ಕೊಡುವುದೂ ಉಂಟು. ಒಪ್ಪುವ ಮುಂಚೆ ಗಂಟೆ ಮತ್ತು ಸಂಬಳ ಎರಡನ್ನೂ ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ಅನುಭವ ಪ್ರಮಾಣಪತ್ರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ನಮ್ಮ ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದರು’ ಎಂಬ ಒಂದೇ ಸಾಲಿನ ಪತ್ರ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಯಾವ ವಿಷಯ, ಯಾವ ತರಗತಿ, ವಾರಕ್ಕೆ ಎಷ್ಟು ಗಂಟೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಸಂಬಳ ಎಷ್ಟು, ಹೇಗೆ ಪಾವತಿಯಾಯಿತು ಇಷ್ಟೂ ಇರಬೇಕು. ಪ್ರತಿ ವರ್ಷದ ಕೊನೆಗೆ ತಪ್ಪದೆ ತೆಗೆದುಕೊಳ್ಳಿ. ಪ್ರಾಂಶುಪಾಲರು ಬದಲಾದ ಮೇಲೆ ಹಳೆಯ ಕಡತ ಹುಡುಕುವುದು ಬಲು ಕಷ್ಟ.

ಸಂದರ್ಶನಕ್ಕೆ ಕರೆಯೋವಾಗ ಎರಡನೆ ಎಂ.ಎ.ಗೆ ಎಷ್ಟು ಮಾರ್ಕ್ಸ್ ಕೊಡ್ತಾರೆ?

ಬೇಸರವಾದರೂ ಹೇಳಲೇಬೇಕು: ಪ್ರತ್ಯೇಕ ಅಂಕ ಇಲ್ಲ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಕಾಲೇಜುಗಳ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವ ಕೋಷ್ಟಕವಿದೆ. ಅದರಲ್ಲಿ ಸ್ನಾತಕೋತ್ತರ ಪದವಿಗೆ ಒಂದೇ ಸಾಲು: ಶೇ. 80 ಮತ್ತು ಮೇಲ್ಪಟ್ಟು 25, ಶೇ. 60ರಿಂದ 80ರೊಳಗೆ 23, ಶೇ. 55ರಿಂದ 60ರೊಳಗೆ 20. ಪಿಎಚ್.ಡಿ.ಗೆ 25. ಜೆಆರ್‌ಎಫ್ ಸಹಿತ ನೆಟ್‌ಗೆ 10, ನೆಟ್‌ಗೆ 8, ಸೆಟ್‌ಗೆ (ಕೆ-ಸೆಟ್ ಇದರಲ್ಲೇ ಬರುತ್ತದೆ) 5. ಬೋಧನಾನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಹುದ್ದೆಯ ವಿಷಯದ ಎಂ.ಎ.ಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸರ್ಕಾರಿ ನೇಮಕಾತಿ ಸ್ಪರ್ಧಾತ್ಮಕ ಪರೀಕ್ಷೆಯ ಮೇಲೆ ನಡೆದಾಗ ಪರೀಕ್ಷೆಯ ಅಂಕವೇ ಮುಖ್ಯ. ಎರಡನೆಯ ವಿಷಯದ ತಿಳಿವಳಿಕೆ ಕೆಲಸಕ್ಕೆ ಬರುವುದು ಸಂದರ್ಶನದ ಕೋಣೆಯಲ್ಲಿ, ಮಾದರಿ ಪಾಠ ಮಾಡುವಾಗ.

ದಾಖಲೆ ಪರಿಶೀಲನೆಯಲ್ಲಿ ಎಲ್ಲಿ ಸಿಕ್ಕಿಹಾಕ್ಕೋತೀವಿ?

ಹೆಚ್ಚಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಒಂದು ಎಂ.ಎ.ಯಲ್ಲಿ ಹಿಂದೆ, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು. ಎರಡನೆಯ ಪದವಿಗೆ ಸೇರುವಾಗಲೇ ಎಸ್ಸೆಸ್ಸೆಲ್ಸಿಯಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಬರೆಸಿ. ಎರಡನೆಯ ತೊಂದರೆ ಸಿಜಿಪಿಎ. ಅದನ್ನು ಶೇಕಡಾವಾರಿಗೆ ತರುವ ಸೂತ್ರ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು. ನೀವೇ ಗುಣಿಸಿ ಬರೆದರೆ ಒಪ್ಪುವುದಿಲ್ಲ, ಪರೀಕ್ಷಾ ವಿಭಾಗದಿಂದ ಪರಿವರ್ತನಾ ಪತ್ರ ತನ್ನಿ. ಎರಡು ಕೋರ್ಸಿನ ಅವಧಿ ಒಂದರ ಮೇಲೊಂದು ಬಂದಿದ್ದರೆ 2022ರ ಮಾರ್ಗಸೂಚಿಯ ಪ್ರತಿಯನ್ನೂ ಕಡತದಲ್ಲಿಡಿ. ತಾತ್ಕಾಲಿಕ ಪದವಿ ಪ್ರಮಾಣಪತ್ರದಲ್ಲೇ ವರ್ಷಗಟ್ಟಲೆ ಕಾಲ ಹಾಕಬೇಡಿ, ಘಟಿಕೋತ್ಸವ ಪ್ರಮಾಣಪತ್ರ ತೆಗೆದುಕೊಳ್ಳಿ.

## ಪಿಎಚ್.ಡಿ. ಕಡೆಗೆ

ಎರಡು ಎಂ.ಎ. ಇದೆ. ಪಿಎಚ್.ಡಿ. ಯಾವುದರಲ್ಲಿ ಮಾಡ್ಲಿ?

ಯಾವ ವಿಭಾಗದಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಆ ವಿಭಾಗದಲ್ಲಿ ನೋಂದಾಯಿಸಿಕೊಳ್ಳಿ, ಇನ್ನೊಂದು ವಿಷಯವನ್ನು ಸಂಶೋಧನೆಯ ಒಳಗೆ ದುಡಿಸಿಕೊಳ್ಳಿ. ಪ್ರಮಾಣಪತ್ರದಲ್ಲಿ ಬರುವುದು ವಿಭಾಗದ ಹೆಸರು.

ಕನ್ನಡ ಮತ್ತು ಇತಿಹಾಸ ಎರಡೂ ಓದಿದವರಿಗೆ ನಮ್ಮ ಜಿಲ್ಲೆಗಳಲ್ಲಿ ಕೆಲಸ ರಾಶಿ ಬಿದ್ದಿದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಪೂರ್ತಿ ಅಂದಿನ ಕೋಲಾರ ಜಿಲ್ಲೆಯದು, 12ನೇ ಸಂಪುಟ ತುಮಕೂರಿನದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಅದರ ಶಾಸನಗಳನ್ನೂ ಕೋಲಾರದ ಸಂಪುಟದಲ್ಲೇ ಹುಡುಕಬೇಕು. ಕೆರೆಯ ಶಾಸನವೊಂದರಲ್ಲಿ ‘ಬಿತ್ತುವಟ್ಟ’ (ಕೆರೆಗಾಗಿ ಬಿಟ್ಟ ಭೂಮಿ) ಎಂಬ ಮಾತು ಬಂತು ಎಂದುಕೊಳ್ಳಿ. ಭಾಷೆ ಓದಿದವರು ಆ ಪದದಲ್ಲಿ ‘ಬಿತ್ತು’ ಎಂಬುದನ್ನು ಗುರುತಿಸಿ, ಅದರ ರೂಪಗಳು ಬೇರೆಬೇರೆ ಶಾಸನಗಳಲ್ಲಿ ಹೇಗೆ ಬದಲಾಗಿವೆ ನೋಡುತ್ತಾರೆ. ಇತಿಹಾಸ ಓದಿದವರು ಕೆರೆಗಾಗಿ ಬಿಟ್ಟ ಭೂಮಿ ಎಷ್ಟು, ಬಿಟ್ಟವರು ಯಾರು, ಯಾರ ಆಳ್ವಿಕೆ, ಇಂದು ಆ ಕೆರೆ ಎಲ್ಲಿದೆ ಎಂದು ಕೇಳುತ್ತಾರೆ. ಎರಡೂ ಪ್ರಶ್ನೆಯನ್ನು ಒಬ್ಬರೇ ಕೇಳಬಲ್ಲವರಾದರೆ ಅಧ್ಯಾಯದ ತೂಕವೇ ಬೇರೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಜೋಡಿಗೆ ಪಾವಗಡದ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಜಮೀನು, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ, 2001ರಲ್ಲಿ ಗಣಿ ಮುಚ್ಚಿದ ಮೇಲಿನ ಕೆಜಿಎಫ್ ಇವೆ. ತೆಲುಗು ಮನೆಮಾತಿನವರಿಗೆ ಬಾಗೇಪಲ್ಲಿ, ಪಾವಗಡ ಕಡೆಯ ಕ್ಷೇತ್ರಕಾರ್ಯದಲ್ಲಿ ಇನ್ನೊಂದು ಅನುಕೂಲವೂ ಇದೆ.

ಎರಡನೆ ಎಂ.ಎ. ಬದಲು ನೇರವಾಗಿ ಪಿಎಚ್.ಡಿ.ಗೇ ಹೋದ್ರೆ?

ಮೊದಲ ವಿಷಯದಲ್ಲಿ ಶೇ. 55 ಇದ್ದು, ಆ ವಿಷಯದಲ್ಲೇ ಉಳಿಯುವ ಮನಸ್ಸಿದ್ದರೆ ಅದೇ ಸರಿ. ಮೇಲಿನ ಕೋಷ್ಟಕದ 25 ಅಂಕ ನೆನಪಿಡಿ. ಆದರೆ ಇದು ಎರಡು ವರ್ಷದಲ್ಲಿ ಮುಗಿಯುವ ಓದಲ್ಲ. 2022ರ ಯುಜಿಸಿ ನಿಯಮಾವಳಿಯಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಲ್ಲಿ ಇನ್ನೆರಡು ವರ್ಷ, ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ ಎರಡು ವರ್ಷ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ (ಸಂಶೋಧಕರು ಓದಲೇಬೇಕಾದ ಪತ್ರಿಕೆಗಳು) ಇರುತ್ತದೆ. ಕೆಲಸದಲ್ಲಿರುವವರು ಅರೆಕಾಲಿಕವಾಗಿ ಮಾಡಬಹುದು, ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಎಂ.ಫಿಲ್. ಸೇರಿಕೊಳ್ಳಿ ಎಂದು ಯಾರಾದರೂ ಕರೆದರೆ ಹೋಗಬೇಡಿ, ಅದನ್ನು ಯುಜಿಸಿ ನಿಲ್ಲಿಸಿದೆ.

ಪಿಎಚ್.ಡಿ. ಮಾಡ್ತಾ ಮಾಡ್ತಾ ಎರಡನೆ ಎಂ.ಎ. ಮುಗಿಸ್ಕೊಳ್ಳಲಾ?

ಒಟ್ಟಿಗೆ ಎರಡು ಕೋರ್ಸಿನ ಮಾರ್ಗಸೂಚಿ ಪಿಎಚ್.ಡಿ.ಗೆ ಅನ್ವಯಿಸುವುದಿಲ್ಲ. ಪೂರ್ಣಾವಧಿ ಸಂಶೋಧಕರು ಫೆಲೋಶಿಪ್ ಪಡೆಯುತ್ತಾ ಇನ್ನೊಂದು ಪದವಿಗೆ ಸೇರಿದರೆ ಎರಡಕ್ಕೂ ಕುತ್ತು ಬರಬಹುದು. ಎರಡನೆಯ ಎಂ.ಎ. ಬೇಕೇ ಬೇಕೆಂದಿದ್ದರೆ ಪಿಎಚ್.ಡಿ. ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಮುಂಚೆ ಅದರ ಕೊನೆಯ ಸೆಮಿಸ್ಟರ್ ಬರೆದು ಮುಗಿಸಿರಿ.